ಕೆಂಪು ಚುಕ್ಕೆ

ಸರ್ವಿಸ್ ಸೆಂಟರಿನ ಸ್ಕ್ರೂಡ್ರೈವರಿಗೆ ತಾನು ಬಿಚ್ಚಿ ನೋಡಿದ್ದೇ ಸತ್ಯವೆಂಬ ಜಂಬ. ಒಂದು ದಿನ ಗ್ರಾಫಿಕ್ಸ್ ಕೆಟ್ಟು ಪರದೆ ಕಪ್ಪಾದ ಲ್ಯಾಪ್‌ಟಾಪೊಂದು ಬಂತು. ಬೆನ್ನು ಬಿಚ್ಚಿ ನೋಡಿದರೆ, ನೀರು ತಾಗಿದಾಗ ಮಾತ್ರ ಕೆಂಪಾಗಬೇಕಾದ ಒಳಗಿನ ಬಿಳಿ ಚುಕ್ಕೆ ಕೆಂಪಾಗಿತ್ತು.

"ನೀರು ಕುಡಿದಿದ್ದೀಯ. ನಿನಗೆ ವಾರಂಟಿ ಇಲ್ಲ," ಎಂದಿತು ಸ್ಕ್ರೂಡ್ರೈವರ್.

"ಇಲ್ಲ ಸ್ವಾಮಿ, ಅದು ಆಯುಧಪೂಜೆಯ ಕುಂಕುಮ. ಕಿಂಡಿಯಿಂದ ಒಳಗೆ ಉದುರಿದೆ," ಎಂದಿತು ಲ್ಯಾಪ್‌ಟಾಪ್.

"ಸಿಕ್ಕಿಬಿದ್ದವರೆಲ್ಲ ಕಥೆ ಕಟ್ಟುತ್ತಾರೆ!"

"ಹಾಗಾದರೆ ನನ್ನ ಪರದೆಯಲ್ಲಿ ಒಮ್ಮೆ ನಿಮ್ಮನ್ನು ನೋಡಿಕೊಳ್ಳಿ."

ಏನನ್ನೂ ತೋರಿಸಲಾರದ ಆ ಕಪ್ಪು ಪರದೆಯಲ್ಲಿ ಸ್ಕ್ರೂಡ್ರೈವರಿಗೆ ತನ್ನ ಹಿಡಿ ಕಂಡಿತು. ಹಿಡಿಯ ಮೇಲೆ ಅದೇ ಹಬ್ಬದ ಕುಂಕುಮ. ತನಗೂ ಅಂದು ಕೈಮುಗಿದಿದ್ದರಲ್ಲ!

ಸ್ಕ್ರೂಡ್ರೈವರ್ ತನ್ನ ತುದಿಯಿಂದ ಚುಕ್ಕೆಯನ್ನು ಮೆಲ್ಲಗೆ ಕೆರೆಯಿತು. ಕೆಂಪು ಉದುರಿತು. ಅಡಿಯಲ್ಲಿ ಚುಕ್ಕೆ ಬೆಳ್ಳಗೇ ಇತ್ತು.