ಆಚೆ ದಡದ ಕೂಗು

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಕಾಲು ಚಾಚಿಕೊಂಡರೂ ಪರವಾಗಿಲ್ಲ, ಕಿವಿ ಮಾತ್ರ ಇತ್ತ ಕೊಡಿ.

ತುಂಗಭದ್ರೆಯ ದಂಡೆಗೆ ಒಂದು ಆಶ್ರಮ. ಅಲ್ಲಿ ಸಿದ್ಧಮ್ಮತಾಯಿ ಅಂತ ಗುರು. ಅವರ ಹತ್ತಿರ ಕಲಿಯೋದಕ್ಕೆ ಬಂದವನು ಪಂಪಣ್ಣ. ಒಳ್ಳೆಯವನೇ. ಆದರೆ ಯಾರದಾದರೂ ಕಷ್ಟ ಕಂಡರೆ, ಅದು ತೀರೋವರೆಗೂ ಅವನಿಗೆ ಕೂತಲ್ಲಿ ಕೂರೋದಕ್ಕಾಗದು.

ಆಚೆ ದಡದ ಹಳ್ಳಿಯವರು ಪ್ರಸಾದಕ್ಕೋ ಔಷಧಕ್ಕೋ ಆಶ್ರಮಕ್ಕೆ ಬರಬೇಕೆಂದರೆ ಹರಿಗೋಲೇ ಗತಿ. ದಂಡೆಗೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು, 'ಓ...' ಅಂತ ಕೂಗೋದು. ಈಚೆಯಿಂದ ಹುಲಿಗೆವ್ವ ಹೋಗಿ ಕರಕೊಂಡು ಬರೋದು. ಗಂಡ ತೀರಿಕೊಂಡಂದಿನಿಂದ ಹರಿಗೋಲಿನ ಹುಟ್ಟು ಅವಳ ಕೈಯಲ್ಲೇ.

ಈಗೀಗ ಅವಳಿಗೆ ಕಿವಿ ಮಂದವಾಯಿತು. ಜನ ಬಿಸಿಲಲ್ಲಿ ನಿಂತು ಕೂಗಿ ಕೂಗಿ ಸುಸ್ತಾಗೋದು, ಇವಳು ಹೊಳೆಗೆ ಬೆನ್ನು ಹಾಕಿ ಬಲೆ ಹೆಣೆಯುತ್ತಾ ಕೂರೋದು. ಆಚೆ ಊರ ಹಿರಿಯರು ಹೇಳಿಬಿಟ್ಟರು: ಬರೋ ಹುಣ್ಣಿಮೆಗೆ ಹುಟ್ಟು ಬೇರೆಯವರ ಕೈಗೆ.

"ಹುಟ್ಟು ಬಿಟ್ಟು ನಾ ಏನ್ ಮಾಡ್ಲಿ, ತಮ್ಮಾ?" ಅಂದಳು ಹುಲಿಗೆವ್ವ, ಪಂಪಣ್ಣನ ಮುಂದೆ. "ಮನ್ಯಾಗ ಕುಂತ್ರ ಸೊಸಿ ಕೂಡ ಜಗಳ ಆಡೂದು ಬಿಟ್ರ ಮತ್ತೇನೂ ಬರೂದಿಲ್ಲ ನನಗ."

ಪಂಪಣ್ಣ ಫೋನು ತೆಗೆದ.

ಅವನು ಹುಟ್ಟಿದಾರಭ್ಯ ಒಂದೂ ಆ್ಯಪ್ ಮಾಡಿದವನಲ್ಲ. ಆದರೆ ಈಗ ಎಐ ಅಂತ ಬಂದಿದೆಯಲ್ಲ, ಬೇಕಾದ್ದನ್ನು ಮಾತಲ್ಲಿ ಹೇಳಿದರೆ ಬರೆದುಕೊಡುತ್ತೆ. ಅದರ ಜೊತೆ ಕೂತ. ಅದು ತಪ್ಪಿದರೆ ಇವನು ಬೈದ, ಅದು ಕ್ಷಮಿಸಿ ಅಂದು ತಿದ್ದಿತು. ಹೀಗೆ ಹೇಳುತ್ತಾ ತಿದ್ದುತ್ತಾ ಆ್ಯಪ್ ಎದ್ದು ನಿಂತಿತು. ಆಚೆ ದಡದವರು ತಮ್ಮ ಫೋನಿನಲ್ಲಿ ಗುಂಡಿ ಒತ್ತಿದರೆ ಸಾಕು, ಹುಲಿಗೆವ್ವನ ಸೊಂಟದ ಚೀಲದಲ್ಲಿ ಅವನೇ ಇಟ್ಟ ಇನ್ನೊಂದು ಫೋನು ಗಡಗಡ ನಡುಗುತ್ತೆ.

ಆಶ್ರಮದ ಮೆಟ್ಟಿಲ ಮೇಲೆ ನಿಂತು ಒತ್ತಿ ನೋಡಿದ. ಹುಲಿಗೆವ್ವ ಕೂತಲ್ಲೇ ಹಾರಿದಳು.

"ಅಯ್ಯ ಇವನ, ಸೀರ್‍ಯಾಗ ಚೇಳು ಹೊಕ್ಕಂಗಾತಲ್ಲೋ," ಅಂತ ನಕ್ಕಳು.

ಪಂಪಣ್ಣ ತಾಯಿಯ ಬಳಿ ಓಡಿದ.

"ಆತ್ರೀ ತಾಯಿ. ಇನ್ನ ಯಾರೂ ಕೂಗೂದು ಬ್ಯಾಡ."

"ಆತು ಅಂದೋರು ಯಾರು?"

"ಎಐ ಅಂತು. ನಾನೂ ಒತ್ತಿ ನೋಡೀನ್ರಿ."

"ಎಲ್ಲಿ ನಿಂತು?"

"ಇಲ್ಲೇ, ಮೆಟ್ಟಲ ಮ್ಯಾಲ."

ತಾಯಿ ಎದ್ದು ಸೆರಗು ಸಿಕ್ಕಿಸಿಕೊಂಡರು. "ಬಾ, ಹರಿಗೋಲು ಹತ್ತು."

ಹುಲಿಗೆವ್ವ ಇಬ್ಬರನ್ನೂ ಆಚೆ ದಡ ಮುಟ್ಟಿಸಿದಳು. ಪಂಪಣ್ಣ ಇಳಿದ. ತಾಯಿ ಇಳಿಯಲಿಲ್ಲ. ಕೈಸನ್ನೆ ಮಾಡಿದರು, ಹರಿಗೋಲು ತಿರುಗಿತು.

"ತಾಯಿ, ನಾನು?"

"ಆ್ಯಪ್ ಐತಲ್ಲ. ಕರಿ, ಬರ್ತೀವಿ."

ಅವರು ಈಚೆ ದಡ ಸೇರಿದ ಮೇಲೆ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಫೋನಿನಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ಬಂಡೆ ಹತ್ತಿ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದ.

ಬದನೆಕಾಯಿ ಬುಟ್ಟಿ ಇಳಿಸಿಕೊಂಡು ಒಬ್ಬ ಹೆಂಗಸು ಅಲ್ಲೇ ಕೂತಿದ್ದಳು, ದ್ಯಾವಮ್ಮ ಅಂತ. "ಮ್ಯಾಲ ಏನ್ ಹುಡುಕಾಕತ್ತೀಯಪ್ಪಾ?" ಅಂದಳು.

"ನೆಟ್‌ವರ್ಕ್."

"ಅದು ಈ ದಂಡಿಗೆ ಬರೂದಿಲ್ಲ. ಹೊಳಿ ದಾಟಾಕ ಅದಕ್ಕೂ ಹರಿಗೋಲು ಬೇಕೇನೋ."

"ಮತ್ತ ನೀವು ಏನ್ ಮಾಡ್ತೀರಿ?"

"ಫೋನೇ ಇಲ್ಲದ ನಾ ಏನ್ ಮಾಡ್ಲಿ? ಕೂಗ್ತೀನಿ. ಇವತ್ತು ನೀ ಕೂಗು, ನನ್ನ ಗಂಟಲು ಉಳೀತೈತಿ."

ಅವನಿಗೆ ನಾಚಿಕೆ. ಉಸುಕು ಕಾದು ಅಂಗಾಲು ಚುರುಗುಟ್ಟಿದ ಮೇಲೆ ಆ ನಾಚಿಕೆಯೂ ಬಿಟ್ಟಿತು. ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ.

ಕೂಗು ನೀರಿನ ಮೇಲೆ ಓಡಿತು. ಆಶ್ರಮದ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ತಲೆ ಎತ್ತಿದರು. ಆಶ್ರಮದ ಹಸು ಕಿವಿ ನಿಮಿರಿಸಿತು. ತಾಯಿ ಕೈ ಎತ್ತಿದರು. ಹುಲಿಗೆವ್ವ ಒಬ್ಬಳು ಬಲೆ ಹೆಣೆಯುತ್ತಲೇ ಇದ್ದಳು.

ಪಂಪಣ್ಣ ಮತ್ತೆ ಕೂಗದೆ ಹುಲಿಗೆವ್ವನನ್ನೇ ನೋಡಿದ.

"ಯಾಕ, ಗಂಟಲು ಕಟ್ಟಿತೇನು?" ಅಂದಳು ದ್ಯಾವಮ್ಮ.

"ಇಲ್ಲಬೇ. ಈ ದಂಡ್ಯಾಗ ಏನೂ ಕಡಿಮಿ ಇಲ್ಲ. ಕೂಗು ಚಲೋನ ಮುಟ್ಟಾಕತ್ತೈತಿ. ನಾ ಕೆಲಸ ಮಾಡಬೇಕಾದ್ದು ಆ ದಂಡ್ಯಾಗ."

ತಾಯಿ ಹುಲಿಗೆವ್ವನ ಭುಜ ಮುಟ್ಟಿದರು. ಹರಿಗೋಲು ಬಂತು.

ಮತ್ತೆ ಎಐ ಜೊತೆ ಕೂತ. ಈ ಸಲ ಗುಂಡಿಯ ಮಾತೇ ಎತ್ತಲಿಲ್ಲ. ಆಚೆಯವರು ಎಂದಿನಂತೆ ಕೂಗಲಿ, ಹುಲಿಗೆವ್ವನ ಚೀಲದ ಫೋನೇ ಆ ಕೂಗು ಕೇಳಿಸಿಕೊಂಡು ನಡುಗಲಿ ಅಂದ. ಹಾಗಾದರೆ ನಾಲ್ಕಾರು ಜನರ ಕೂಗು ತಂದುಕೊಡು ಅಂತು ಅದು. ದಿನಾ ಆಚೆ ದಡದವರಿಂದ ಕೂಗಿಸಿ, ತಾನು ಈಚೆ ದಡದಲ್ಲಿ ಕೂತು ಆ ಕೂಗನ್ನು ಫೋನಿನಲ್ಲಿ ಹಿಡಿದುಕೊಂಡ. ದ್ಯಾವಮ್ಮ ಸೆರಗು ಸರಿಮಾಡಿಕೊಂಡು ಕೂಗಿದಳು.

ಆಮೇಲೊಂದು ದಿನ ಚೀಲ ನಡುಗಿತು. ಹುಲಿಗೆವ್ವ ಹುಟ್ಟು ಹಿಡಿದು ಹೋದಳು, ಬರಿ ಹರಿಗೋಲು ತಂದಳು. ಆಚೆ ದಡದಲ್ಲಿ ಕರೆದದ್ದು ಎಮ್ಮೆ.

ಪಂಪಣ್ಣ ಅವಳ ಕಿವಿಯ ಬಳಿ ಬಾಗಿ, "ತಪ್ಪಾತಬೇ, ತಿದ್ದತೀನಿ," ಅಂದ.

"ತಿದ್ದೂದಿದ್ರ ತಿದ್ದು. ಆದ್ರ ಮನಶೇರ ಕೂಗು ತಪ್ಪಿಸೂದಕ್ಕಿಂತ ಎಮ್ಮಿ ಕರದ್ರೂ ಹೋಗಿ ಬರೂದ ಚಲೋ."

ಹುಣ್ಣಿಮೆಯ ದಿನ ಹಿರಿಯರು ಆಚೆ ದಡಕ್ಕೆ ಬಂದು ಕೂಗಿದರು. ಎರಡನೆಯ ಕೂಗಿಗೆ ಬಾಯಿ ತೆರೆಯುವಷ್ಟರಲ್ಲಿ ಹರಿಗೋಲು ನಡುಹೊಳೆಯಲ್ಲಿತ್ತು. ಬಂದರು, ಉಂಡರು, ಹುಟ್ಟಿನ ಸುದ್ದಿ ಎತ್ತದೆ ಹೋದರು.

ಆಮೇಲೇನಾಯಿತು ಅಂತೀರಾ? ಹುಲಿಗೆವ್ವ ತೋಳಲ್ಲಿ ಕಸುವು ಇರೋತನಕ ಹುಟ್ಟು ಹಾಕಿದಳು. ಸಾಕು ಅನ್ನಿಸಿದ ದಿನ ತಾನೇ ತಂಗಿಯ ಮಗಳ ಕೈಗಿಟ್ಟಳು. ದ್ಯಾವಮ್ಮ ಫೋನು ಕೊಳ್ಳಲೇ ಇಲ್ಲ. ಆದರೆ ನನ್ನ ದನಿ ಆ್ಯಪಿನೊಳಗೈತಿ ಅಂತ ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗಿದಳು. ಪಂಪಣ್ಣ ಹೊಳೆಸಾಲಿನ ಊರೂರಿಗೆ ಹೋಗಿ, ಜನ ಬೇಕು ಅಂದದ್ದನ್ನು ಮಾಡಿಕೊಟ್ಟು ಸುಖವಾಗಿದ್ದ. ತಾಯಿ ಆಶ್ರಮ ಬಿಟ್ಟು ಎಲ್ಲೂ ಹೋಗಲಿಲ್ಲ.

ಪಂಪಣ್ಣ ಆಶ್ರಮದಿಂದ ಹೊರಡುವ ದಿನ ಅವರ ಕಾಲು ಮುಟ್ಟಿ ಕೇಳಿದ್ದನಂತೆ: "ತಾಯಿ, ಅಲ್ಲಿ ನೆಟ್‌ವರ್ಕ್ ಇಲ್ಲಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

"ನೆಟ್‌ವರ್ಕ್ ಅಂದ್ರ ಏನಂತ ನನಗೇನ್ ಗೊತ್ತು, ಮಗಾ? ನಿನ್ನ ಕಾಲಿಗೆ ಆ ದಂಡಿ ಉಸುಕು ಹತ್ತಿರಲಿಲ್ಲ, ಅಷ್ಟ ನೋಡಿದೆ."