ಬಳೆಗಾರ್ತಿ ಕೊಯ್ಯದ ಗೊಂಚಲು

"ಗುರುಗಳೇ, ದೊಡ್ಡವರು ಕೇಳಿದಾಗ ಇದ್ದುದರಲ್ಲಿ ಒಳ್ಳೆಯದನ್ನು ಕೊಡುವುದೇ ಧರ್ಮವಲ್ಲವೇ?"

ಕೇಳಿದವನು ಗುರುಸಿದ್ಧ, ಮಠದ ಪಾಠಶಾಲೆಯ ಉಪಾಧ್ಯಾಯ. ಪ್ರತಿವರ್ಷ ಅರಮನೆಯವರು ಬಂದು ಪಾಠಶಾಲೆಯ ಅತಿ ಜಾಣ ಶಿಷ್ಯನನ್ನು ಆಸ್ಥಾನದ ಕೆಲಸಕ್ಕೆ ಕರೆದೊಯ್ಯುತ್ತಿದ್ದರು. ಈ ವರ್ಷವೂ ಹೇಳಿಕಳಿಸಿದ್ದರು. ಆದರೆ ಈ ವರ್ಷದ ಶಿಷ್ಯ, ಇಲ್ಲೇ ಇದ್ದು ಪಾಠ ಹೇಳುತ್ತೇನೆಂದು ಹಟ ಹಿಡಿದಿದ್ದ. ಅವನನ್ನು ಹೊರಡಿಸುವುದೋ ಉಳಿಸಿಕೊಳ್ಳುವುದೋ ಗುರುಸಿದ್ಧನಿಗೆ ತಿಳಿಯದಾಗಿತ್ತು.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕತೆ ಹೇಳಿದರು.

ಬೆಟ್ಟದ ಮೇಲಿನ ತಂಪು ಊರೊಂದರಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಬಳೆಯ ಮಲಾರ ಹೊತ್ತು ಬೀದಿ ಸುತ್ತುವುದು ಅವಳ ಕಸುಬು, ಹಿತ್ತಿಲಲ್ಲಿ ಹೂ ಬೆಳೆಯುವುದು ಅವಳ ಹುಚ್ಚು. ಹಿಂದೆಂದೋ ಯಾವುದೋ ದೊರೆಸಾನಿಯ ತೋಟದಿಂದ ಆ ಊರಿಗೆ ಸ್ವೀಟ್ ವಿಲಿಯಂ ಎಂಬ ಹೂವಿನ ಬೀಜ ಬಂದಿತ್ತು. ಆ ಹೆಸರು ಯಾರ ನಾಲಿಗೆಗೂ ಹತ್ತದೆ ಜನ ಅದನ್ನು ಗೊಂಚಲು ಹೂ ಎಂದರು. ಬಿತ್ತಿದ ವರ್ಷ ಬರೀ ಎಲೆ. ಹೂವೇನಿದ್ದರೂ ಮರುವರ್ಷ. ಕಡ್ಡಿಯ ತುದಿಯಲ್ಲಿ ಅಂಗೈಯಗಲದ ಗೊಂಚಲು, ಲವಂಗದಂಥ ವಾಸನೆ.

ಹೂ ಬಿಟ್ಟ ಕಾಲಕ್ಕೆ ಪ್ರತಿ ಮನೆಯವರೂ ತಮ್ಮ ಹಿತ್ತಿಲ ಒಳ್ಳೊಳ್ಳೆಯ ಗಿಡಗಳನ್ನು ಬುಡದವರೆಗೆ ಕೊಯ್ದು ದೇವಿಗೆ ಒಪ್ಪಿಸಬೇಕು. ಅದು ಊರಿನ ಕಟ್ಟಳೆ. ಬಿತ್ತನೆಗೆ ಬೀಜ ಬೇಕಲ್ಲ, ಅದನ್ನು ಉಳಿದ ಸಣಕಲು ಗಿಡಗಳಿಂದ ಆಯ್ದುಕೊಳ್ಳುತ್ತಿದ್ದರು. ಬಳೆಗಾರ್ತಿಯದು ಮಾತ್ರ ತಿರುಗುಮುರುಗು. ಒಳ್ಳೆಯ ಗಿಡಗಳನ್ನು ಬೀಜಕ್ಕೆ ಬಿಟ್ಟು, ಮಿಕ್ಕವನ್ನು ದೇವಿಗೆ ಒಯ್ಯುತ್ತಿದ್ದಳು.

ಒಂದು ವರ್ಷ ಗುಡಿಯ ಯಜಮಾನ ಅವಳ ಬೇಲಿಯ ಮೇಲಿಂದ ಇಣುಕಿದ.

"ಏನವ್ವಾ, ದೇವಿಗೆ ಸಣ್ಣದು, ನಿನ್ನ ಹಿತ್ತಿಲಿಗೆ ದೊಡ್ಡದೋ?"

"ಅದು ಬೀಜದ ಗಿಡ, ಯಜಮಾನರೇ. ಕೊಯ್ಯೋದಿಲ್ಲ."

"ದೇವಿಯೇ ಕೇಳಿದರೂ?"

"ದೇವಿ ಕೇಳಲಿ, ಆಮೇಲೆ ನೋಡೋಣ. ಈಗ ಕೇಳ್ತಿರೋರು ನೀವು."

ಯಜಮಾನ ನುಂಗಿಕೊಂಡು ಹೋಗುವ ಆಸಾಮಿಯಲ್ಲ. ಅವಳು ತಂದ ಹೂವನ್ನು ಗುಡಿಯ ಹೊಸ್ತಿಲಾಚೆ ಎಸೆಸಿದ. ಅವಳ ಕೈಯಿಂದ ಯಾರೂ ಬಳೆ ತೊಡಿಸಿಕೊಳ್ಳಕೂಡದೆಂದು ಸಾರಿಸಿದ. ಅವಳು ಹೋದ ಕಡೆಯೆಲ್ಲ ಬಾಗಿಲು ಮುಚ್ಚಿತು.

"ಹುಲ್ಲುಕಡ್ಡಿಯಂಥ ಹೂವಿಗೆ ಅನ್ನ ಕಳಕೊಳ್ತೀಯಲ್ಲೇ. ಕೊಯ್ದು ಹಾಕಿ ಕೈ ತೊಳಕೋ," ಎಂದಳು ಪಕ್ಕದ ಮನೆಯವಳು.

ಬಳೆಗಾರ್ತಿ ವ್ಯಾಪಾರದವಳು, ಯೋಚಿಸಿ ನೋಡಿದಳು. ಈ ಊರು ಬಳೆ ಬೇಡವೆಂದರೆ ಇನ್ನೊಂದು ಊರು ಬೇಕೆನ್ನುತ್ತದೆ. ಈ ಬೀಜ ಕೆಟ್ಟರೆ ಯಾವ ಸಂತೆಯಲ್ಲೂ ಸಿಗುವುದಿಲ್ಲ. ಮಲಾರ ಹೊತ್ತು ಕಣಿವೆಯ ಹಳ್ಳಿಗಳಿಗೆ ಇಳಿದಳು. ಕಾಲು ಸವೆಯಿತು, ಗಿರಾಕಿ ಸಿಕ್ಕಿತು. ಒಳ್ಳೆಯ ಗಿಡ ಕೊಯ್ಯಲಿಲ್ಲ. ಪ್ರತಿವರ್ಷ ದೇವಿಯ ಪಾಲಿನ ಹೂವನ್ನು ಗುಡಿಯ ಮುಂದೆ ಇಟ್ಟು ಬರುವುದನ್ನೂ ಬಿಡಲಿಲ್ಲ. ಗುಡಿಯವರು ಎಸೆಯುವುದನ್ನೂ ಬಿಡಲಿಲ್ಲ.

ವರ್ಷ ಕಳೆದಂತೆ ಊರಿನ ಹಿತ್ತಿಲುಗಳಲ್ಲಿ ಗೊಂಚಲು ಕಿರಿದಾಗುತ್ತ ಬಂತು. ಒಬ್ಬರು ಮಣ್ಣನ್ನು ಬೈದರು, ಒಬ್ಬರು ಗೊಬ್ಬರವನ್ನು ಬೈದರು. ಕೊನೆಗೆ ದೇವಿಯ ಮುಡಿ ತುಂಬ ಹೂವಿದ್ದರೂ ಗುಡಿಯಲ್ಲಿ ದೀಪದೆಣ್ಣೆಯ ವಾಸನೆಯೊಂದೇ ಉಳಿಯಿತು. ಬಳೆಗಾರ್ತಿಯ ಹಿತ್ತಿಲು ಮಾತ್ರ ಬೀದಿಯ ತುದಿಗೂ ಘಮ್ಮೆನ್ನುತ್ತಿತ್ತು.

ಯಜಮಾನ ಬುಟ್ಟಿ ಹಿಡಿದು ಬಂದ.

"ಆದದ್ದು ಆಯ್ತು. ಇರೋದನ್ನೆಲ್ಲ ದೇವಿಗೆ ಕೊಟ್ಟುಬಿಡು. ನಾಳೆಯಿಂದ ಊರಲ್ಲಿ ಬಳೆ ಮಾರಿಕೋ."

"ಇರೋದನ್ನೆಲ್ಲ ಕೊಡೋದಿಲ್ಲ. ಮನೆಮನೆಗೂ ಬೀಜ ಕೊಡ್ತೀನಿ. ಇನ್ನು ಮೇಲೆ ಒಳ್ಳೆಯ ಗಿಡಕ್ಕೆ ಕುಡುಗೋಲು ಹಾಕಿಸೋದಿಲ್ಲ ಅಂತ ದೇವಿ ಮುಂದೆ ನೀವು ಮಾತು ಕೊಡಬೇಕು."

"ಹಾಗಾದರೆ ದೇವಿಗೆ ಸಿಗೋದು ಉಳಿದದ್ದು ತಾನೇ?"

"ನನ್ನ ಹಿತ್ತಿಲಲ್ಲಿ ಉಳಿದದ್ದಕ್ಕೂ ವಾಸನೆ ಇದೆ. ನಂಬಿಕೆ ಇಲ್ಲದಿದ್ದರೆ ಬೆಳಿಗ್ಗೆ ನೀವು ಎಸೆದದ್ದನ್ನೇ ಮೂಸಿ ನೋಡಿ."

ಯಜಮಾನ ಮೂಸಲು ಹೋಗಲಿಲ್ಲ. ಆ ವಾಸನೆ ಅವನಿಗೆ ಮೊದಲೇ ಗೊತ್ತಿತ್ತು. ದೇವಿಯ ಮುಂದೆ ನಿಂತು ಮಾತು ಕೊಟ್ಟ. ಊರೆಲ್ಲ ಬೀಜ ಬಿತ್ತಿದರು. ಆ ವರ್ಷ ಎಲ್ಲರ ಹಿತ್ತಿಲಲ್ಲೂ ಆ ಬೀಜದ ಗಿಡಗಳಲ್ಲಿ ಬರೀ ಎಲೆ, ಹೂವಿಲ್ಲ. ಇವಳ ಮಾತು ಕೇಳಿ ಕೆಟ್ಟೆವೆಂದು ಯಜಮಾನ ಜಗಲಿಯಲ್ಲಿ ಗೊಣಗಿದ. ಬಳೆಗಾರ್ತಿ ಅದೇ ಜಗಲಿಯಲ್ಲಿ ಅವನ ಸೊಸೆಗೆ ಬಳೆ ತೊಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಗುರುಸಿದ್ಧನಿಗೆ ಸಮಾಧಾನವಾಗಲಿಲ್ಲ.

"ಹೂವಿನ ಮಾತು ಒಪ್ಪಿದೆ, ಗುರುಗಳೇ. ಆದರೆ ಇಷ್ಟು ವರ್ಷ ಜಾಣರನ್ನೆಲ್ಲ ಅರಮನೆಗೆ ಕಳಿಸಿಯೂ ನಮ್ಮ ಪಾಠಶಾಲೆಗೆ ಏನು ಕಡಿಮೆಯಾಗಿದೆ?"

"ನೀನೂ ನಾನೂ ಇಲ್ಲೇ ಓದಿದವರು. ಅರಮನೆಯವರು ಒಂದು ವರ್ಷವೂ ನಿನ್ನನ್ನಾಗಲಿ ನನ್ನನ್ನಾಗಲಿ ಕೇಳಲಿಲ್ಲವಲ್ಲ, ಯಾಕೆಂದು ಯೋಚಿಸಿದ್ದೀಯಾ?"