ಸರಳೇಶ್ವರನ ಮೂರೆಳೆ

ಹಿಮವತ್ಪರ್ವತದ ತಪ್ಪಲುಗಳಲ್ಲಿ ಇನ್ನೂ ದೇವತೆಗಳು ಸಂಚರಿಸುತ್ತಿದ್ದ ಪುರಾತನ ಕಾಲದಲ್ಲಿ, ತ್ರಿದಳ ಬಿಲ್ವವನ್ನು ಶಿವನಿಗೆ ಅರ್ಪಿಸದೆ ಆಹಾರವನ್ನು ಮುಟ್ಟೆನೆಂಬ ಮಹಾವ್ರತವನ್ನು ಧರಿಸಿದ್ದ ಧೃತವ್ರತನೆಂಬ ಕನ್ನಡನಾಡಿನ ಮುನಿಯು, ಜೋಳಿಗೆಯ ತುಂಬ ಬಿಲ್ವದಳಗಳನ್ನು ಹೊತ್ತು ತುಂಗಭದ್ರಾತೀರದಿಂದ ಉತ್ತರಾಭಿಮುಖವಾಗಿ ಹೊರಟು ಈ ಪುಣ್ಯಕ್ಷೇತ್ರವನ್ನು ತಲುಪಿದಾಗ, ಜೋಳಿಗೆಯಲ್ಲಿ ಎಲೆಯ ಪುಡಿಯೂ ಉಳಿದಿರಲಿಲ್ಲ. ಸುತ್ತಲಿನ ಗಿರಿಶಿಖರಗಳಲ್ಲಿ ಬಿಲ್ವವೃಕ್ಷದ ಸುಳಿವೂ ಇರಲಿಲ್ಲ.

ಇಲ್ಲಿ ಬಚುಲಿ ಎಂಬ ವೃದ್ಧೆ ಆಡುಗಳನ್ನು ಮೇಯಿಸಿಕೊಂಡಿದ್ದಳು. ಅತಿಥಿ ಉಣ್ಣದೆ ಮನೆಯೊಡತಿ ಉಣ್ಣಬಾರದೆಂಬುದು ಅವಳ ಕುಲಾಚಾರ. ಅವಳು ಪ್ರತಿದಿನವೂ ಅಂಬಲಿ ಕಾಯಿಸಿ ಮುನಿಯ ಮುಂದಿಡುತ್ತಿದ್ದಳು. ಮುನಿಯು ಪ್ರತಿದಿನವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದನು. ತನ್ನ ಹಸಿವಿನ ಲೆಕ್ಕ ಅವನಿಗೆ ಚೆನ್ನಾಗಿ ತಿಳಿದಿತ್ತು. ಅವಳ ಹಸಿವಿನ ಕಡೆಗೆ ಅವನ ಗಮನವೇ ಹೋಗಲಿಲ್ಲ.

ಆಗ ಒಂದು ಪ್ರಾತಃಕಾಲದಲ್ಲಿ ಅಶರೀರವಾಣಿಯಾಯಿತು: “ವತ್ಸ, ಸರಳದಿಂದ ನನ್ನನ್ನು ಅರ್ಚಿಸು. ತಡಮಾಡಬೇಡ.”

ಸರಳವೆಂದರೆ ಸುಲಭವೆಂದೇ ಬಲ್ಲ ಕನ್ನಡದ ಕಿವಿಗೆ ಅದು ಬೇರೆ ಹೇಗೆ ಕೇಳೀತು? ಪರಮೇಶ್ವರನು ಕನಿಕರದಿಂದ ವ್ರತವನ್ನು ಸಡಿಲಿಸುತ್ತಿದ್ದಾನೆಂದು ಭಾವಿಸಿದ ಮುನಿಯು, ಅಂಥ ಅಗ್ಗದ ಪೂಜೆ ತನ್ನಂಥವನಿಗೆ ತಕ್ಕುದಲ್ಲವೆಂದು ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿ ಕುಳಿತನು.

ಅಂದು ಮಧ್ಯಾಹ್ನ, ಅವನ ಆಸನದ ಸುತ್ತ ಉದುರಿದ ಎಲೆಗಳನ್ನು ಗುಡಿಸುತ್ತಿದ್ದ ಬಚುಲಿ ಕುಸಿದು ಬಿದ್ದಳು. ಮುನಿಯು ಎದ್ದುಬಂದು ಅವಳ ತುಟಿಗೆ ಕಮಂಡಲುವಿನ ನೀರು ಹನಿಸಿದನು.

“ನೀವು ಉಣ್ಣಿ, ಸ್ವಾಮಿ,” ಎಂದಳು ಅವಳು. “ಆಮೇಲೆ ನಾನು.”

“ತಾಯೀ, ಇಷ್ಟು ದಿನ ನೀನೂ ಉಪವಾಸವಿದ್ದೆಯಾ?”

ಮುನಿಗೆ ನಾಚಿಕೆಯಾಯಿತು, ತಲೆ ತಗ್ಗಿಸಿದಾಗ ಅವಳ ಮುಷ್ಟಿಯಲ್ಲಿದ್ದ ಕಸ ಕಣ್ಣಿಗೆ ಬಿತ್ತು. ಗೇಣುದ್ದದ, ಸೂಜಿಯಂತಹ ಹಸಿರೆಲೆಗಳು. ಮೂರು ಮೂರಾಗಿ, ಒಂದೇ ಒರೆಯಲ್ಲಿ ಬುಡಗೂಡಿ ಹುಟ್ಟಿದವು.

“ಇದು ಯಾವ ಎಲೆ, ತಾಯೀ?”

“ಸರಳದ್ದು. ನೀವು ಒರಗಿ ಕೂತಿದ್ದ ಮರವೇ ಸರಳ.”

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದವನಂತೆ ಮುನಿಯು ತನ್ನನ್ನು ನೋಡಿ ತಾನೇ ನಕ್ಕನು. ಕಾಳ್ಗಿಚ್ಚಿಗೆ ಬುಡ ಕರಿದಾದರೂ ದಪ್ಪ ತೊಗಟೆಯ ಬಲದಿಂದ ಬದುಕುಳಿದು, ಗಾಯಗಳಿಂದ ಸುಗಂಧದ್ರವವನ್ನು ಸ್ರವಿಸುತ್ತ ಋಜುವಾಗಿ ನಿಂತಿದ್ದ ಆ ಮಹಾವೃಕ್ಷದ ಬುಡದ ಬಂಡೆಗೆ ಅವನು ಮೂರೆಳೆಯನ್ನು ಏರಿಸಿದೊಡನೆ, ಬಂಡೆಯು ಲಿಂಗಾಕಾರವನ್ನು ತಾಳಿತು. ಮುನಿಯು ನಮಸ್ಕರಿಸಿ, ಅವಳ ಆಚಾರಕ್ಕೆಂದು ಅಂಬಲಿಯ ಒಂದು ಗುಟುಕನ್ನು ತಾನು ಕುಡಿದು, ಉಳಿದುದೆಲ್ಲವನ್ನೂ ಅವಳಿಗೆ ಕೈಯಾರೆ ಕುಡಿಸಿದನು.

ಬುಡ ಸುಟ್ಟ ಆ ಸರಳವೃಕ್ಷವನ್ನು ಭಕ್ತರು ಇಂದಿಗೂ ದರ್ಶಿಸಬಹುದು. ಇಲ್ಲಿ ಎಲೆ ಕೀಳುವ ಪದ್ಧತಿಯಿಲ್ಲ, ತಾನಾಗಿ ಉದುರಿದ ಮೂರೆಳೆಯೇ ಅರ್ಚನೆಗೆ ಸಲ್ಲುತ್ತದೆ. ಮರದ ಅಂಟೇ ಧೂಪ. ಎರಡು ವರ್ಷ ಕೊಂಬೆಯಲ್ಲೇ ಮಾಗಿದ ಕಾಯಿಗಳು ಬಿರಿದು, ರೆಕ್ಕೆಯ ಬೀಜಗಳು ಗಾಳಿಯಲ್ಲಿ ಹಾರುವ ವೈಶಾಖದಲ್ಲಿ ಅಂಬಲಿಸೇವೆ ನಡೆಯುತ್ತದೆ. ಅಂದು ಯಾತ್ರಿಕರೆಲ್ಲರೂ ಒಂದೊಂದು ಗುಟುಕು ಕುಡಿದು ಬಟ್ಟಲನ್ನು ಕೆಳಗಿಡುತ್ತಾರೆ. ಅಡುಗೆ ಮಾಡಿದವರು ಹೊಟ್ಟೆ ತುಂಬ ಉಂಡೆದ್ದ ಮೇಲೆಯೇ ಮತ್ತೆ ಎತ್ತಿಕೊಳ್ಳುತ್ತಾರೆ.